ಕಿಟಕಿ ಹಾಸಿಗೆಗೆ ಬಂದ ಔಷಧಿ

ಅಲ್ಮಾಟಿ, ಜೂನ್ 4, 2018

ಕುರಿಗಳಿಗೂ ಬೇಸರ ತರಿಸಿರುವ ಒರಾಜಾಲಿಗೆ,

ನಾನು ಇನ್ನೂ ಬದುಕಿದ್ದೇನೆ. ಈ ಸುದ್ದಿಯಿಂದ ನಿನಗಾಗುವ ನಿರಾಶೆ ನನಗೆ ಅರ್ಥವಾಗುತ್ತದೆ. ನಾನು ಸತ್ತ ನಲವತ್ತನೆಯ ದಿನದ ಊಟಕ್ಕೆ ಯಾವ ಕುದುರೆ ಕಡಿಯಬೇಕೆಂದು ನೀನು ಆಗಲೇ ಯೋಚಿಸಿರುತ್ತೀ. ಸದ್ಯಕ್ಕೆ ಆ ಕುದುರೆಗೆ ನಿಶ್ಚಿಂತೆಯಿಂದ ಮೇಯಲು ಹೇಳು.

ನಿನ್ನ ಕರ್ಕಾರಾ ಬೆಟ್ಟದಲ್ಲಿ ಫೋನು ಹಿಡಿಯುವುದಿಲ್ಲ, ಹಿಡಿದರೂ ನಿನಗೆ ಅದರಲ್ಲಿ ಅರಚುವುದು ಬಿಟ್ಟು ಬೇರೆ ಗೊತ್ತಿಲ್ಲ. ಆದ್ದರಿಂದ ಕುಮಿಸ್ ಪೀಪಾಯಿ ಹೊತ್ತು ಪೇಟೆಗೆ ಬರುವ ಬೈಬಿತ್‌ನ ಲಾರಿಯೇ ನಮ್ಮ ಅಂಚೆ. ಕುದುರೆ ಹಾಲಿನ ವಾಸನೆ ಇಲ್ಲದ ಕಾಗದ ಬಂದರೆ ಅದು ನಿನ್ನದಲ್ಲ ಎಂದು ತಿಳಿಯುತ್ತೇನೆ.

ವಿಷಯಕ್ಕೆ ಬರುತ್ತೇನೆ. ಕರುಳಿನಲ್ಲಿ ಬಾಡಿಗೆಗೆ ಬಂದಿದ್ದ ಕ್ಯಾನ್ಸರು ಈಗ ಲಿವರಿನಲ್ಲೂ ಒಂದು ಕೋಣೆ ಹಿಡಿದಿದೆ. ಡಾಕ್ಟರ್ ರೌಶಾನ್ ಎಂಬ ಹುಡುಗಿ, ನನ್ನ ಮಗಳು ಮೇರುಯೆರ್ಟ್‌ಗಿಂತ ಎರಡು ವರ್ಷಕ್ಕೆ ದೊಡ್ಡವಳಿರಬೇಕು, ಹಾಸಿಗೆಯ ಅಂಚಿನಲ್ಲಿ ಕೂತು ಹೇಳಿದಳು:

"ಅಗಾ, ಒಂದು ಹೊಸ ಔಷಧಿ ಇದೆ. ಇನ್ನೂ ಪರೀಕ್ಷೇಲಿರೋದು. ಕೆಲ್ಸ ಮಾಡುತ್ತೆ ಅಂತ ನಾನು ಹೇಳಲ್ಲ. ಮಾಡಲ್ಲ ಅಂತಾನೂ ಹೇಳಲ್ಲ."

"ಮಗಳೇ, ಹಿಂಗೆ ಮಾತಾಡೋರು ಕುದುರೆ ವ್ಯಾಪಾರಕ್ಕೆ ಆಗಲ್ಲ" ಅಂದೆ.

"ಅದಕ್ಕೇ ಡಾಕ್ಟ್ರಾದೆ" ಅಂದಳು. ನನಗೆ ಹಿಡಿಸಿದಳು.

ಔಷಧಿಯ ಜಾತಿಯ ಹೆಸರು ಮಾನೋಕ್ಲೋನಲ್ ಆಂಟಿಬಾಡಿ. ಬಾಯಿ ತೆರೆದುಕೊಂಡು ಕೂರಬೇಡ, ನೊಣ ಹೋದೀತು, ವಿವರಿಸುತ್ತೇನೆ. ಬೇಸಿಗೆಯಲ್ಲಿ ಮೂರು ಊರಿನ ಕುರಿಗಳು ಒಂದೇ ಹುಲ್ಲುಗಾವಲಿನಲ್ಲಿ ಬೆರೆತಾಗ ನೀನೇನು ಮಾಡುತ್ತೀ? ಕಿವಿ ನೋಡುತ್ತೀ. ನಿನ್ನ ಕುರಿಗೆ ಎಡಗಿವಿಯಲ್ಲಿ ಸೀಳು, ಇನ್ನೊಬ್ಬನದಕ್ಕೆ ಬಲಗಿವಿಯ ತುದಿ ಕತ್ತರಿಸಿರುತ್ತದೆ. ಕ್ಯಾನ್ಸರಿನ ಕೋಶಗಳ ಮೈಮೇಲೂ ಅಂಥ ಗುರುತುಗಳಿರುತ್ತವಂತೆ. ಈ ಔಷಧಿಗೆ ಗೊತ್ತಿರುವುದು ಒಂದೇ ಗುರುತು. ಕೋಟಿಗಟ್ಟಲೆ ಕುರುಬರನ್ನು ಒಂದೇ ಅಚ್ಚಿನಲ್ಲಿ ಎರಕ ಹೊಯ್ದು ಒಳಗೆ ಬಿಡುತ್ತಾರೆ. ಅವರು ಆ ಗುರುತಿನ ಕುರಿಯನ್ನು ಹುಡುಕಿ ಕಿವಿ ಹಿಡಿದುಕೊಳ್ಳುತ್ತಾರೆ, ಬಿಡುವುದಿಲ್ಲ. ಎರಕದ ಮೊದಲ ಅಚ್ಚು ಸಿಕ್ಕಿದ್ದು ಇಲಿಯ ಮೈಯಲ್ಲಂತೆ, ಆಮೇಲೆ ಮನುಷ್ಯರಿಗೆ ಹೊಂದುವಂತೆ ತಿದ್ದಿದ್ದಾರೆ. ನನಗೆ ಬಾಲ ಮೂಡಿದರೆ ಬರೆಯುತ್ತೇನೆ.

ಇನ್ನೂ ಒಂದು ತಮಾಷೆ ಇದೆ. ಎಲ್ಲರಿಗೂ ಮಾಮೂಲಿ ಕ್ಯಾನ್ಸರ್ ಔಷಧಿ ಕೊಡುತ್ತಾರೆ. ಅದರ ಮೇಲೆ ಒಂದು ಚೀಲ ನೇತುಹಾಕುತ್ತಾರೆ. ಕೆಲವರ ಚೀಲದಲ್ಲಿ ಹೊಸ ಔಷಧಿ, ಕೆಲವರದರಲ್ಲಿ ಬರೀ ಉಪ್ಪುನೀರು. ಯಾರಿಗೆ ಯಾವುದೆಂದು ನನಗೆ ಗೊತ್ತಿಲ್ಲ, ನರ್ಸಿಗೆ ಗೊತ್ತಿಲ್ಲ, ರೌಶಾನ್‌ಗೂ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲದಿರುವುದೇ ಇದರ ಶಿಸ್ತು. ಚೀಲದ ಮೇಲೆ ಒಂದು ನಂಬರು ಮಾತ್ರ ಇರುತ್ತದೆ.

ನಾನು ಒಪ್ಪಿ ಸಹಿ ಹಾಕಿದ್ದೇನೆ.

ನಿನಗಿಂತ ಹನ್ನೊಂದು ದಿನಕ್ಕೆ ದೊಡ್ಡವನಾದ, ಆದ್ದರಿಂದ ಗೌರವಕ್ಕೆ ಪಾತ್ರನಾದ
ಎಸಿಮ್‌ಖಾನ್


ಕರ್ಕಾರಾ, ಜೂನ್ 12

ಎಸಿಮ್‌ಖಾನ್ ಎಂಬ ಇಲಿಗೆ,

ನಿನ್ನ ಕಾಗದವನ್ನು ಕುಲ್ಯಾಷ್‌ಗೆ ಓದಿ ಹೇಳಿದೆ. ಇಲಿಯ ಜಾಗ ಬಂದಾಗ ನನ್ನ ಹೆಂಡತಿ ಚಹಾ ಕೆಳಗಿಟ್ಟು, "ಅಯ್ಯೋ, ಆ ಮನುಷ್ಯ ಹುಟ್ಟಿದಾಗಿಂದ ಬೆಕ್ಕನ್ನ ಕಂಡ್ರೆ ಓಡ್ತಿದ್ದ, ಈಗ ಗೊತ್ತಾಯ್ತು" ಅಂದಳು.

ಹನ್ನೊಂದು ದಿನದ ದೊಡ್ಡಸ್ತಿಕೆಯನ್ನು ಅರವತ್ತಾರು ವರ್ಷದಿಂದ ಹೊತ್ತು ತಿರುಗುತ್ತಿದ್ದೀ. ನೀನು ಲಾರಿಯಲ್ಲಿ ಪ್ರೊಜೆಕ್ಟರು ಹೊತ್ತು ಬೆಟ್ಟ ಬೆಟ್ಟಕ್ಕೆ ಸಿನಿಮಾ ತೋರಿಸುತ್ತಿದ್ದಾಗಲೂ, ರೀಲು ಕಡಿದುಹೋದಾಗೆಲ್ಲ ಮುಂದೇನಾಯಿತೆಂದು ನಿನಗೆ ಬೇಕಾದ ಹಾಗೆ ಕತೆ ಕಟ್ಟಿ ಹೇಳುತ್ತಿದ್ದೆ. ಈ ಔಷಧಿಯ ಕತೆಯಲ್ಲಿ ಎಷ್ಟು ರೀಲು ನಿಜ, ಎಷ್ಟು ನಿನ್ನ ಸ್ವಂತದ್ದು ಎಂದು ಯೋಚಿಸುತ್ತಿದ್ದೇನೆ.

ಆದರೆ ಕುರಿ ವಿಷಯದಲ್ಲಿ ನನಗೆ ಪಾಠ ಹೇಳಬೇಡ. ಒಂದು ಪ್ರಶ್ನೆ ಕೇಳುತ್ತೇನೆ, ನಿನ್ನ ಡಾಕ್ಟರ್ ಹುಡುಗಿಗೆ ಕೇಳು. ಕಳ್ಳಕುರಿಗೂ ಸಾಧುಕುರಿಗೂ ಒಂದೇ ಥರ ಕಿವಿ ಸೀಳಿದ್ದರೆ? ಆ ಕೋಟಿ ಕುರುಬರು ಸಾಧುಕುರಿಯನ್ನೂ ಹಿಡಿದು ಬಡಿಯುವುದಿಲ್ಲವೇ? ಮತ್ತೆ, ಕಳ್ಳಕುರಿಗೆ ಆ ಗುರುತೇ ಇಲ್ಲದಿದ್ದರೆ?

ಇಲ್ಲಿ ವಿಶೇಷವೇನಿಲ್ಲ. ಹುಲ್ಲು ಮೊಣಕಾಲಿನವರೆಗೆ ಬಂದಿದೆ. ಆ ಬೂದು ಟಗರು ಇತ್ತಲ್ಲ, ಕೊಂಬು ಸುರುಳಿ ಸುತ್ತಿದ್ದು, ಅದನ್ನು ತೋಳ ಹೊತ್ತುಕೊಂಡು ಹೋಯಿತು. ಹೋಗಲಿ ಬಿಡು, ಮುದಿಯಾಗಿತ್ತು.

ಕುಲ್ಯಾಷ್ ಒಣಮೊಸರಿನ ಉಂಡೆ ಕಳಿಸಿದ್ದಾಳೆ. ನಿನ್ನ ಹಲ್ಲು ಇನ್ನೂ ಇದ್ದರೆ ತಿನ್ನು.

ಒರಾಜಾಲಿ


ಅಲ್ಮಾಟಿ, ಜೂನ್ 21

ಸುಳ್ಳು ಹೇಳಲು ಬಾರದ ಒರಾಜಾಲಿಗೆ,

ಬೈಬಿತ್‌ಗೆ ನೀನು ಬಾಯಿ ಮುಚ್ಚಿಕೊಂಡಿರಲು ಹೇಳಿದ್ದೆಯಂತೆ. ಹೇಳುವುದಕ್ಕೆ ಇಡೀ ಕರ್ಕಾರಾದಲ್ಲಿ ನಿನಗೆ ಸಿಕ್ಕಿದ್ದು ಅವನೇ? ಆ ತೋಳದ ವಿವರವೆಲ್ಲ ನನಗೆ ತಿಳಿಯಿತು. ತೋಳವು ಟಗರನ್ನು ಮೆಕ್ಕಾದ ಕಡೆಗೆ ಮಲಗಿಸಿ, ಬಿಸ್ಮಿಲ್ಲಾ ಎಂದು ಕೊಯ್ದು, "ನಮ್ಮ ಎಸಿಮ್‌ಖಾನ್‌ನ ಕಾಯಿಲೆ ಇದರ ಜೊತೆ ಹೋಗಲಿ" ಎಂದು ಕಣ್ಣೊರೆಸಿಕೊಂಡು, ಏಳು ಮನೆಗೆ ಮಾಂಸ ಹಂಚಿತಂತೆ. ಇಷ್ಟು ದೈವಭಕ್ತಿಯ ತೋಳವನ್ನು ನಾನು ಕೇಳಿಯೇ ಇರಲಿಲ್ಲ. ಅದರ ಮೊಣಕಾಲು ನೋವು ಹೇಗಿದೆ?

ನಿನ್ನ ಪ್ರಶ್ನೆಯನ್ನು ರೌಶಾನ್‌ಗೆ ಕೇಳಿದೆ. ಆಕೆ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟು, "ಯಾರು ಈ ಪ್ರಶ್ನೆ ಕೇಳಿದ್ದು?" ಅಂದಳು. "ಒಬ್ಬ ಕತ್ತೆ" ಅಂದೆ. ಚರ್ಮದ ಕೋಶಗಳಿಗೂ ಆ ಗುರುತು ಇದೆಯಂತೆ. ಅದಕ್ಕೇ ಹೊಸ ಔಷಧಿ ಮೈಗೆ ಸೇರಿದ ಬಹಳ ಜನಕ್ಕೆ ಮುಖದ ಮೇಲೆ ಕೆಂಪು ಗುಳ್ಳೆ ಏಳುತ್ತವೆ. ಏಳುವುದು ಒಳ್ಳೆಯ ಶಕುನವೇ ಎನ್ನುತ್ತಾರೆ. ಆದ್ದರಿಂದ ನಾನೀಗ ದಿನಾ ಕನ್ನಡಿ ನೋಡಿಕೊಳ್ಳುತ್ತೇನೆ, ಮೀಸೆ ಬರುವ ವಯಸ್ಸಿನಲ್ಲಿ ನೋಡಿಕೊಂಡ ಹಾಗೆ.

ನನ್ನ ಕೋಣೆಗೆ ಒಬ್ಬರು ಬಂದಿದ್ದಾರೆ. ಸದುವಕಾಸ್ ಅಗಾ, ತಾಲ್ಗಾರ್ ಕಡೆಯ ಸೇಬಿನ ತೋಟದವರು, ಎಪ್ಪತ್ತೆಂಟು ವರ್ಷ. ನನ್ನದೇ ಕಾಯಿಲೆ, ನನ್ನದೇ ಪರೀಕ್ಷೆ. ಒಂದು ಕಿವಿ ಕೇಳಿಸುವುದಿಲ್ಲ, ಇನ್ನೊಂದು ಕೇಳಿಸಿದರೂ ನಂಬುವುದಿಲ್ಲ. ಯಾರು ಏನು ಕೇಳಿದರೂ ದೊಡ್ಡ ಮನಸ್ಸಿನಿಂದ ತಲೆಯಾಡಿಸುತ್ತಾರೆ. ಬಾಗಿಲ ಪಕ್ಕದ ಹಾಸಿಗೆಯನ್ನು ಅವರಿಗೆ ಕೊಟ್ಟಿದ್ದರು. ನನ್ನದು ಕಿಟಕಿ ಪಕ್ಕದ್ದು. ಮಲಗಿದಲ್ಲಿಂದಲೇ ಬೆಟ್ಟ ಕಾಣುತ್ತದೆ. ನೀನೇ ಹೇಳು, ಎಪ್ಪತ್ತೆಂಟು ವರ್ಷದವರು ಬಾಗಿಲಲ್ಲಿ ಚಪ್ಪಲಿಗಳ ಪಕ್ಕ ಮಲಗಿ, ನಾನು ಹಿರಿಯರಿಗೆ ಸಲ್ಲುವ ಮೇಲಿನ ಜಾಗದಲ್ಲಿ ಕಾಲು ಚಾಚಿಕೊಂಡಿರುವುದೇ?

"ಅಗಾ, ಏಳಿ. ಮೇಲಕ್ಕೆ ಬನ್ನಿ, ಅದು ನಿಮ್ಮ ಜಾಗ" ಅಂದೆ.

"ಬೇಡಪ್ಪ, ಎಲ್ಲಾದ್ರೇನು, ಎರಡು ದಿನದ ಮಾತು."

"ನೀವಲ್ಲಿ ಮಲಗಿದ್ರೆ ನಂಗೆ ನಿದ್ದೆ ಬರಲ್ಲ."

"ನಿದ್ದೆ ಬರದೇ ಇದ್ರೆ ಮಾತಾಡ್ತೀಯ. ಅದು ಇನ್ನೂ ಕಷ್ಟ" ಅಂದು ಎದ್ದರು. ದಿಂಬು, ಚಹಾ ಲೋಟ, ಚಪ್ಪಲಿ ಎಲ್ಲ ಅದಲು ಬದಲಾಯಿತು.

ಜಾಗ ಬದಲಾದ ಮೇಲೆ ಮೊದಲ ಚೀಲವೂ ಆಯಿತು. ಅದಕ್ಕೆ ಮುಂಚೆ ಅಲರ್ಜಿ ಆಗದಿರಲೆಂದು ಒಂದು ಸೂಜಿ ಚುಚ್ಚುತ್ತಾರೆ. ಇಬ್ಬರೂ ಗೊರಕೆ ಹೊಡೆದೆವು. ಎದ್ದಾಗ ಚೀಲ ಖಾಲಿ. ಯಾವ ವೀರರಸವೂ ಇಲ್ಲ.

ಎಸಿಮ್‌ಖಾನ್


ಕರ್ಕಾರಾ, ಜುಲೈ 1

ಎಸಿಮ್,

ಬೈಬಿತ್‌ನನ್ನು ಅವನ ಪೀಪಾಯಿಯಲ್ಲೇ ಮುಳುಗಿಸುತ್ತೇನೆ.

ಹಿರಿಯರಿಗೆ ಜಾಗ ಬಿಟ್ಟುಕೊಟ್ಟೆ ಎಂಬ ಸಾಲನ್ನು ಕುಲ್ಯಾಷ್ ನನ್ನಿಂದ ಎರಡು ಸಲ ಓದಿಸಿದಳು. ಅರವತ್ತಾರು ವರ್ಷದಲ್ಲಿ ನೀನು ಮಾಡಿದ ಮೊದಲ ಮರ್ಯಾದೆಯ ಕೆಲಸ. ಪಕ್ಕದ ಗುಡಾರಗಳಿಗೂ ಹೋಗಿ ಹೇಳಿಬಂದೆ, ಯಾರೂ ನಂಬಲಿಲ್ಲ.

ಗುಳ್ಳೆ ಎದ್ದವೋ? ತಕ್ಷಣ ಬರೆ. ಕುರಿ ತುಪ್ಪಟ ಕತ್ತರಿಸುವ ಕಾಲ, ಕೈ ಊದಿದೆ, ಹೆಚ್ಚು ಬರೆಯಲಾರೆ.

ಒರಾಜ್


ಅಲ್ಮಾಟಿ, ಜುಲೈ 17

ಒರಾಜಾಲಿ,

ಗುಳ್ಳೆ ಎದ್ದಿವೆ. ಅದ್ಭುತವಾಗಿ ಎದ್ದಿವೆ. ಮೂಗಿನ ಮೇಲೆ, ಗಲ್ಲದ ಮೇಲೆ, ಹಣೆಯ ತುಂಬ. ಹಾಸಿಗೆಯಲ್ಲಿ ಹದಿನಾರರ ಹುಡುಗನೊಬ್ಬ ಕೂತಿದ್ದಾನೆ ಅನ್ನಬೇಕು, ಹಾಗೆ. ಒಂದೇ ಕೊರತೆ ಎಂದರೆ ಅವು ಎದ್ದಿರುವುದು ಸದುವಕಾಸ್ ಅಗಾ ಮುಖದಲ್ಲಿ.

ಅವರ ಸೊಸೆ ನಿನ್ನೆ ಬೌರ್ಸಾಕ್ ಕರಿದು ತಂದಿದ್ದಳು. "ಮಾವ, ಮುಖಕ್ಕೇನಾಯ್ತು!" ಎಂದು ಕಿರುಚಿದಳು. ಅವರು ಗಂಭೀರವಾಗಿ ತಲೆಯಾಡಿಸಿ ಮೂರು ಬೌರ್ಸಾಕ್ ತಿಂದರು. ಒರಾಜ್, ಆ ಮನುಷ್ಯ ಬಂದಾಗ ನೀರು ಕುಡಿದರೂ ವಾಂತಿ ಮಾಡಿಕೊಳ್ಳುತ್ತಿದ್ದರು.

ಈಗ ಕೇಳು, ನಗುವ ವಿಷಯ. ಮೊನ್ನೆ ಮೂರನೆಯ ಚೀಲ. ನನಗೆ ಆ ಸೂಜಿಯ ನಿದ್ದೆ ಹತ್ತಲಿಲ್ಲ. ಬೇಸಿಗೆ ರಜೆಗೆ ಹೋದವರ ಬದಲಿಗೆ ಬೇರೆ ವಾರ್ಡಿನಿಂದ ಬಂದಿರುವ ನರ್ಸ್ ಬಂದಳು. ಎರಡು ಕೈಯಲ್ಲೂ ಚೀಲ. ಕಿಟಕಿ ಹಾಸಿಗೆಯ ತಲೆಯ ಹತ್ತಿರದ ಕಾರ್ಡು ನೋಡಿ, ಚೀಲದ ನಂಬರು ನೋಡಿ, "ಎಸಿಮ್‌ಖಾನ್?" ಎಂದಳು. ಸದುವಕಾಸ್ ಅಗಾ ಅರ್ಧ ನಿದ್ದೆಯಲ್ಲಿ ತಲೆಯಾಡಿಸಿದರು. ನೇತುಹಾಕಿದಳು. ಆಮೇಲೆ ನನ್ನ ಕಡೆ ಬಂದು ಇನ್ನೊಂದನ್ನು ನೇತುಹಾಕಿ, ಕಣ್ಣು ಮುಚ್ಚಿದ್ದ ನನ್ನನ್ನು ಎಬ್ಬಿಸದೆ ಹೋದಳು. ನಾನು ಕತ್ತು ಹೊರಳಿಸಿ ನೋಡಿದೆ. ಅಲ್ಲಿರುವುದು ನನ್ನ ನಂಬರು. ಇಲ್ಲಿರುವುದು ಅವರದ್ದು.

ದಿಂಬು ಬದಲಾಯಿಸಿದೆವು, ಲೋಟ ಬದಲಾಯಿಸಿದೆವು, ಚಪ್ಪಲಿ ಬದಲಾಯಿಸಿದೆವು. ಕಾರ್ಡು ಬದಲಾಯಿಸಲಿಲ್ಲ. ಮೊದಲ ದಿನದಿಂದಲೂ ನನ್ನ ಚೀಲ ಅವರಿಗೆ ಹೋಗುತ್ತಿದೆ, ಅವರ ಚೀಲ ನನಗೆ ಬರುತ್ತಿದೆ. ಗುಳ್ಳೆ ಅವರಿಗೆ ಎದ್ದಿದೆ. ಅಂದರೆ ಔಷಧಿ ಇದ್ದದ್ದು ನನ್ನ ನಂಬರಿನ ಚೀಲದಲ್ಲಿ. ನನ್ನ ನರಗಳಲ್ಲಿ ಹರಿಯುತ್ತಿರುವುದು ಶುದ್ಧ ಉಪ್ಪುನೀರು. ಅದಕ್ಕೇ ನನ್ನ ಮುಖ ಮಗುವಿನ ಮುಖದಂತೆ ನುಣುಪಾಗಿದೆ.

ಎಷ್ಟು ಚೆನ್ನಾಗಿದೆ ನೋಡು! ಮರ್ಯಾದೆಯಿಂದ ಕೆಟ್ಟವರ ಪಟ್ಟಿಯಲ್ಲಿ ನನ್ನ ಹೆಸರು ಮೊದಲನೆಯದಾಗಬೇಕು.

ಯಾರಿಗೂ ಹೇಳಿಲ್ಲ. ನೀನೂ ಹೇಳಬೇಡ. ಹೇಳಿದರೆ ಕಾರ್ಡು ಸರಿಮಾಡುತ್ತಾರೆ, ಅವರಿಗೆ ನೀರು ಬರುತ್ತದೆ. ಮೇಲಿನ ಜಾಗ ಕೊಟ್ಟವನು ಹಿರಿಯರ ಭುಜ ತಟ್ಟಿ, "ಏಳಿ ಅಗಾ, ಅದು ನನ್ನದಾಗಿತ್ತು" ಎನ್ನುವುದು ನಮ್ಮಲ್ಲಿ ಎಲ್ಲಾದರೂ ಉಂಟೇ?

ಎಸಿಮ್‌ಖಾನ್


ಕರ್ಕಾರಾ, ಜುಲೈ 24

ಮಾನ್ಯ ಎಸಿಮ್‌ಖಾನ್ ಅವರಿಗೆ,

ನಿಮ್ಮ ಆರೋಗ್ಯ ಹೇಗಿದೆ? ನಾವೆಲ್ಲ ಇಲ್ಲಿ ಕ್ಷೇಮ. ನಿಮ್ಮ ಪತ್ರ ತಲುಪಿತು.

ನೀವು ದಯವಿಟ್ಟು ಡಾಕ್ಟರ್ ಅವರ ಬಳಿ ಮಾತನಾಡಬೇಕೆಂದು ಕೇಳಿಕೊಳ್ಳುತ್ತೇನೆ. ನಾನು ನಿಮ್ಮನ್ನು ಈವರೆಗೆ ಏನನ್ನೂ ಕೇಳಿದವನಲ್ಲ. ನೀವು ಆ ಜಾಗವನ್ನು ಕೊಟ್ಟಾಗ ಕೊಟ್ಟದ್ದು ಕಿಟಕಿಯನ್ನು. ಜೀವವನ್ನಲ್ಲ. ನಾನು ಹೊಗಳಿ ಬರೆದಿದ್ದೆ, ಅದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಡಿ.

ಕುಲ್ಯಾಷ್ ನಿಮಗೆ ನಮಸ್ಕಾರ ತಿಳಿಸಿದ್ದಾಳೆ.

ಇಂತಿ, ನಿಮ್ಮ
ಒರಾಜಾಲಿ


ಅಲ್ಮಾಟಿ, ಆಗಸ್ಟ್ 2

ಏ ಒರಾಜ್,

ಇದೇನೋ ಇದು? "ಮಾನ್ಯ"? "ನೀವು"? ನಿನ್ನ ಕಾಗದ ಓದಿ ನನಗೆ ಭಯವಾಯಿತು. ಸ್ಕ್ಯಾನು ಮಾಡಿದವರು ಗೆಡ್ಡೆ ಬೆಳೆದಿದೆ ಎಂದಾಗಲೂ ಹೀಗಾಗಿರಲಿಲ್ಲ. ಒಂದೇ ವರ್ಷ ಹುಟ್ಟಿ ಒಟ್ಟಿಗೆ ಬೆಳೆದ ಇಬ್ಬರು ಒಬ್ಬರನ್ನೊಬ್ಬರು ಬೈಯುವುದು ನಿಲ್ಲಿಸುವುದು ಯಾವಾಗ ಹೇಳು? ಒಬ್ಬ ಚಾಪೆಯ ಮೇಲೆ ಮಲಗಿ, ಮುಖಕ್ಕೆ ಬಟ್ಟೆ ಹೊದಿಸಿದ ಮೇಲೆ. ನನಗೆ ಬಟ್ಟೆ ಹೊದಿಸಬೇಡ ಮಾರಾಯ. ಕಣ್ಣು ಕಾಣಿಸುತ್ತಿದೆ ಇನ್ನೂ.

ಹೌದು, ಬೆಳೆದಿದೆ. ಬಾಯಿ ಜಾರಿ ಬರೆದೆ, ಇನ್ನು ಹೊಡೆದುಹಾಕುವುದಿಲ್ಲ. ಲಿವರಿನಲ್ಲಿ ಒಂದು ಕೋಣೆ ಎಂದಿದ್ದೆನಲ್ಲ, ಈಗ ಮೂರು. ಸದುವಕಾಸ್ ಅಗಾ ಅವರದು ಅರ್ಧಕ್ಕಿಂತ ಚಿಕ್ಕದಾಗಿದೆ. ಸಾಯಂಕಾಲ ಓಣಿಯಲ್ಲಿ ಅಡ್ಡಾಡುತ್ತಾರೆ, ನರ್ಸುಗಳಿಗೆ ಸೇಬಿನ ಕಸಿ ಕಟ್ಟುವುದನ್ನು ಹೇಳಿಕೊಡುತ್ತಾರೆ. ನಾನು ಈಗ ಅವರ ಮುಖದ ಗುಳ್ಳೆಗಳನ್ನು ನನ್ನ ಸ್ವಂತ ತೋಟದ ಹಾಗೆ ನೋಡುತ್ತೇನೆ. ಇವತ್ತು ಹಣೆಯಲ್ಲಿ ಎರಡು ಹೊಸದು, ಭೇಷ್.

ಮಗಳಿಗೆ ಹೇಳಿಲ್ಲ. ಅವಳು ದಿನಾ ಸಾರು ತಂದು, "ಅಪ್ಪ, ಇವತ್ತು ಬಣ್ಣ ಬಂದಿದೆ" ಎನ್ನುತ್ತಾಳೆ. ಬಣ್ಣ ಹಳದಿ ಎಂದು ಇಬ್ಬರಿಗೂ ಗೊತ್ತು.

ನಿನಗೆ ಮಾತ್ರ ಒಂದು ಮಾತು ಹೇಳುತ್ತೇನೆ. ನೀನು ಬೇಡುವ ಕೆಲಸವನ್ನು ನಾನು ಮಾಡಲಾರೆ. ಹಿರಿಯರ ಮರ್ಯಾದೆ ಒಂದು ಕಾರಣ. ಇನ್ನೊಂದು ಇದೆ. ಮೊದಲೆಲ್ಲ ನನಗೇ ಏಕೆ ಬಂತು, ಏಕೆ ಹೋಗುತ್ತಿಲ್ಲ ಎಂದು ಗೋಡೆ ನೋಡಿಕೊಂಡು ಮಲಗಿರುತ್ತಿದ್ದೆ. ಉತ್ತರವೇ ಇರಲಿಲ್ಲ. ಈಗ ಇದೆ: ನನ್ನದು ಅವರಿಗೆ ಹೋಯಿತು. ಅದಕ್ಕೊಂದು ಆಕಾರವಿದೆ, ಒರಾಜ್. ನನ್ನ ಹಳೆಯ ಸಿನಿಮಾಗಳಲ್ಲಿ ಕೂಡ ಇಷ್ಟು ಒಳ್ಳೆಯ ಕೊನೆಯ ರೀಲು ಇರಲಿಲ್ಲ.

ಬೈದು ಬರೆ. ಇದು ಅಪ್ಪಣೆ.

ಎಸಿಮ್


ಕರ್ಕಾರಾ, ಆಗಸ್ಟ್ 7

ಎಸಿಮ್‌ಖಾನ್,

ಸರಿ. ನಿನ್ನಿಷ್ಟ.

ಇಲ್ಲಿ ಎರಡು ದಿನ ಆಲಿಕಲ್ಲು ಬಿತ್ತು. ಕೆಂಚು ಹೆಣ್ಣುಕುದುರೆ ಹಾಲು ಕಡಿಮೆ ಮಾಡಿದೆ. ಕುಲ್ಯಾಷ್ ಉಣ್ಣೆ ತಟ್ಟಿ ಹೊಸ ಜಮಖಾನ ಮಾಡುತ್ತಿದ್ದಾಳೆ. ಬೇರೆ ಏನೂ ಇಲ್ಲ.

ಬೈಬಿತ್‌ನ ಕೈಯಲ್ಲಿ ಬೇರೆ ಏನಾದರೂ ಕಾಗದ ಕಂಡರೆ ಅದು ಅವನ ಸ್ವಂತದ್ದು, ನನಗೆ ಸಂಬಂಧವಿಲ್ಲ.

ಒರಾಜಾಲಿ


ಅಲ್ಮಾಟಿ, ಆಗಸ್ಟ್ 20

ದ್ರೋಹಿ ಒರಾಜಾಲಿಗೆ,

ನೀನು ಅಕ್ಷರ ಕಲಿತದ್ದೇ ತಪ್ಪು. ಆ ಮೇಷ್ಟರನ್ನು ಗೋರಿಯಿಂದೆಬ್ಬಿಸಿ ಕೇಳಬೇಕು.

ಡಾಕ್ಟರ್ ರೌಶಾನ್ ನನ್ನನ್ನೂ ಸದುವಕಾಸ್ ಅಗಾ ಅವರನ್ನೂ ತನ್ನ ಕೋಣೆಗೆ ಕರೆಸಿ, ಬಾಗಿಲು ಹಾಕಿ, ನಿನ್ನ ಕಾಗದ ಓದಿದಳು. ಅದರಿಂದ ಕೋಣೆಯೆಲ್ಲ ಕುದುರೆ ಹಾಲಿನ ವಾಸನೆ. "ಡಾಕ್ಟರ್ ಮಗಳೇ, ನಾನು ಕುರಿ ಕಾಯುವವನು. ನಿಮ್ಮಲ್ಲಿ ಇಬ್ಬರು ಮುದುಕರು ಹಾಸಿಗೆ ಬದಲಾಯಿಸಿಕೊಂಡಿದ್ದಾರೆ. ಒಬ್ಬರು ಮರ್ಯಾದಸ್ಥರು, ಇನ್ನೊಬ್ಬ ಕತ್ತೆ. ಕತ್ತೆಯ ಔಷಧಿ ಮರ್ಯಾದಸ್ಥರಿಗೆ ಹೋಗುತ್ತಿದೆ. ಅವರಿಂದ ಕಿತ್ತುಕೊಳ್ಳಬೇಡಿ. ಕತ್ತೆಗೂ ಎಲ್ಲಿಂದಾದರೂ ಒಂದು ಚೀಲ ಹುಡುಕಿ ಕೊಡಿ. ಅವನು ಬಾಯಿಬಿಟ್ಟು ಕೇಳುವುದಿಲ್ಲ. ಅವನಿಲ್ಲದಿದ್ದರೆ ನನಗೆ ಬೈಯಲು ಬೇರೆ ಯಾರೂ ಇಲ್ಲ."

ಆ ಹುಡುಗಿ ಕಾಗದ ಮಡಿಸಿ ಮೇಜಿನ ಮೇಲಿಟ್ಟಳು. ಆಮೇಲೆ ಸಿಟ್ಟು ಬಂತು. "ಅಗಾ, ಒಬ್ರ ಚೀಲ ಇನ್ನೊಬ್ರ ಮೈಗೆ! ಅವರ ತೂಕ ಬೇರೆ, ನಿಮ್ಮ ತೂಕ ಬೇರೆ. ಏನಾದ್ರೂ ಆಗಿದ್ರೆ? ನೋಡಿದ ದಿನಾನೇ ಹೇಳೋಕೆ ಏನಾಗಿತ್ತು?" ನರ್ಸಿನ ಮೇಲೂ, ತನ್ನ ಮೇಲೂ ಸಿಟ್ಟಾದಳು. ಎರಡು ದಿನ ಎಲ್ಲ ಚೀಲ ನಿಲ್ಲಿಸಿ, ಪರೀಕ್ಷೆ ನಡೆಸುವ ದೊಡ್ಡವರಿಗೆ ಎಲ್ಲವನ್ನೂ ಬರೆದು ತಿಳಿಸಿದಳು. ಅವರು ನಮ್ಮಿಬ್ಬರ ನಂಬರುಗಳ ಗುಟ್ಟು ಒಡೆದು ನೋಡಲು ಒಪ್ಪಿದರು.

ಅದಕ್ಕಿಂತ ಮೊದಲು ಸದುವಕಾಸ್ ಅಗಾ ಅವರ ಕತೆ ಕೇಳು. ಅವರಿಗೆ ವಿಷಯ ಅರ್ಥವಾಗಲು ಮೂರು ಸಲ ಕೂಗಬೇಕಾಯಿತು. ಅರ್ಥವಾದ ಮೇಲೆ ಅವರು ಕೂಗಿದ್ದು ಇಡೀ ವಾರ್ಡಿಗೆ ಕೇಳಿಸಿತು.

"ಏನಂದ್ಕೊಂಡಿದ್ಯೋ ನೀನು? ಒಬ್ಬ ನನಗೋಸ್ಕರ ಸತ್ತ ಅಂತ ಹೊತ್ಕೊಂಡು ನಾನು ತೋಟಕ್ಕೆ ಹೋಗ್ಬೇಕಿತ್ತಾ? ಮೊಮ್ಮಕ್ಕಳ ಜೊತೆ ಸೇಬು ಕೀಳ್ಬೇಕಿತ್ತಾ? ನನ್ನ ಒಂದು ಮಾತು ಕೇಳಿದ್ಯಾ?"

"ಅಗಾ, ಮರ್ಯಾದೆಗೆ..."

"ಮರ್ಯಾದೆ ಅಂದ್ರೆ ಕೇಳಿ ಮಾಡೋದು ಕಣೋ!"

ಮೊದಲ ಸಲ ಆ ಮನುಷ್ಯ ತಲೆಯಾಡಿಸದೆ ಮಾತಾಡಿದ್ದು. ನಾನು ಅರವತ್ತಾರು ವರ್ಷದವನು, ನೆಲ ನೋಡಿಕೊಂಡು ನಿಂತೆ.

ಮೊನ್ನೆ ಉತ್ತರ ಬಂತು. ರೌಶಾನ್ ಬಂದು ನನ್ನ ಹಾಸಿಗೆಯ ಅಂಚಿನಲ್ಲಿ ಕೂತಳು.

"ಅಗಾ, ಎರಡೂ ಚೀಲದಲ್ಲೂ ಔಷಧೀನೇ ಇತ್ತು."

ನನಗೆ ಅರ್ಥವಾಗಲಿಲ್ಲ.

"ನೀರು ಯಾರಿಗೂ ಹೋಗಿಲ್ಲ. ಇಬ್ಬರಿಗೂ ಮೊದಲಿಂದ ಹೊಸ ಔಷಧೀನೇ ಹೋಗಿದೆ. ಗುಳ್ಳೆ ಎಲ್ರಿಗೂ ಏಳಲ್ಲ. ಅವರಿಗೆ ಕೆಲ್ಸ ಮಾಡ್ತು. ನಿಮಗೆ ಮಾಡ್ಲಿಲ್ಲ."

ಇಷ್ಟೇ, ಒರಾಜ್. ಒಂದು ತಿಂಗಳು ನಾನು ಎಂಥ ದೊಡ್ಡ ಮನುಷ್ಯನಾಗಿದ್ದೆ! ಹಿರಿಯರೊಬ್ಬರಿಗೆ ಪ್ರಾಣವನ್ನೇ ಧಾರೆಯೆರೆದು, ಸಾರು ಕುಡಿಯುತ್ತ, ವಿನಯದಿಂದ ಮಲಗಿದ್ದೆ. ನಾನು ಕೊಟ್ಟದ್ದು ಬರೀ ಒಂದು ಕಿಟಕಿಯಂತೆ. ಆ ಕುರುಬರು ಕೋಟಿಗಟ್ಟಲೆ ನನ್ನೊಳಗೂ ಬಂದು, ಕಿವಿ ಕಿವಿ ನೋಡಿ, ತಮಗೆ ಗೊತ್ತಿದ್ದ ಗುರುತು ಕಾಣದೆ ಸುಮ್ಮನೆ ಅಲೆದು ಹೋಗಿದ್ದಾರೆ. ನೀನು ಜೂನ್‌ನಲ್ಲೇ ಕೇಳಿದ್ದೆ. ನಾನು ಎರಡನೆಯ ಪ್ರಶ್ನೆಗೆ ಉತ್ತರವನ್ನೇ ಬರೆದಿರಲಿಲ್ಲ. ಬರೆದಿರಲಿಲ್ಲ ಎಂದು ಈಗ ಗಮನಿಸಿದೆ.

ಒಂದು ರಾತ್ರಿ ನಗು ಬಂತು. ಮರುದಿನ ಬರಲಿಲ್ಲ.

ಸದುವಕಾಸ್ ಅಗಾ ಔಷಧಿ ಮುಂದುವರಿಸುತ್ತಾರೆ. ನನಗೆ ನಿಲ್ಲಿಸಿದ್ದಾರೆ. "ಗೊಂದಲ ಆಗಿದೆಯಲ್ಲ, ನಮ್ಮಿಬ್ರನ್ನ ಎಣಿಕೆಯಿಂದ ಎಸೀತಾರಾ?" ಎಂದು ಕೇಳಿದೆ. ಇಲ್ಲವಂತೆ. ನಡೆದದ್ದನ್ನೆಲ್ಲ ಬರೆದಿಟ್ಟು, ಇಬ್ಬರನ್ನೂ ಇಟ್ಟುಕೊಳ್ಳುತ್ತಾರಂತೆ. "ಹಂಗಾದ್ರೆ ನನ್ನನ್ನ ಸರಿಯಾಗಿ ಎಣಿಸು ಮಗಳೇ. ಕೆಲ್ಸ ಮಾಡ್ಲಿಲ್ಲ ಅನ್ನೋ ಕಡೆ. ದಪ್ಪಕ್ಷರದಲ್ಲಿ" ಅಂದೆ. ನನ್ನ ಗೆಡ್ಡೆಯ ಚೂರೊಂದನ್ನು ಇಟ್ಟುಕೊಂಡು ನೋಡುತ್ತಾರಂತೆ, ಅಲ್ಲಿ ಯಾವ ಗುರುತಿತ್ತು, ಯಾವುದು ಇರಲಿಲ್ಲ ಎಂದು. ಮುಂದೆ ನನ್ನಂಥವನು ಬಂದರೆ ಮೊದಲೇ ಹೇಳಬಹುದಂತೆ: ನಿನಗೆ ಇದಲ್ಲ, ಬೇರೆ ಹುಡುಕೋಣ. ಅವನು ಯಾರೋ, ನನಗೆ ಗೊತ್ತಿಲ್ಲ. ಅವನಿಗೆ ನನ್ನ ಬಗ್ಗೆ ಗೊತ್ತಾಗುವುದೂ ಇಲ್ಲ. ಯಾರ ಜಾಗವನ್ನೂ ಬಿಟ್ಟುಕೊಡದೆ ಒಬ್ಬನಿಗೆ ಉಪಕಾರವಾಗುವುದಾದರೆ ಆಗಲಿ. ಸಿನಿಮಾ ಮಾಡುವಂಥದ್ದಲ್ಲ.

ರೌಶಾನ್ ಬೇರೆ ಮಾತ್ರೆ ಕೊಟ್ಟಿದ್ದಾಳೆ. ಮನೆಯಲ್ಲೇ ಇರಬಹುದು ಎಂದಿದ್ದಾಳೆ. ಎಷ್ಟು ದಿನ ಎಂದು ನಾನು ಕೇಳಲಿಲ್ಲ, ಅವಳೂ ಕುದುರೆ ವ್ಯಾಪಾರಿಯಾಗಲು ಹೋಗಲಿಲ್ಲ.

ಬೆಟ್ಟಕ್ಕೆ ಬಾ ಎಂದು ನೀನು ಬರೆಯುತ್ತೀ, ಗೊತ್ತು. ಈಗ ಬೇಡ. ಬೆಲ್ಟಿಗೆ ಹೊಸ ತೂತು ಹಾಕಿ ಹಾಕಿ ಬೆಲ್ಟೇ ಮುಗಿಯಿತು. ನೀನು ನೋಡಿ ಮತ್ತೆ "ನೀವು" ಎಂದುಬಿಟ್ಟರೆ ಕಷ್ಟ. ಮುಂದಿನ ಬೇಸಿಗೆಗೆ ಖಂಡಿತ ಬರುತ್ತೇನೆ.

ಎಸಿಮ್


ಕರ್ಕಾರಾ, ಆಗಸ್ಟ್ 28

ಎಲುಬಿನ ಮೂಟೆಗೆ,

ನಿನ್ನ ಕಾಗದ ಓದುವಾಗ ಕುಲ್ಯಾಷ್ ಎದುರಿಗೇ ಕೂತಿದ್ದಳು. ಎಲ್ಲವನ್ನೂ ಓದಿದೆ, ಕೊನೆಯ ಸಾಲು ಬಿಟ್ಟು. "ಅಷ್ಟೇನಾ? ಬರ್ತೀನಿ ಅಂತ ಬರೆದಿಲ್ವಾ?" ಅಂದಳು. "ಬರೆದಿದ್ದಾನೆ" ಅಂದೆ. "ಯಾವಾಗ?" ಅಂದಳು. ನಾನು ಎದ್ದು ಕುದುರೆಗೆ ನೀರು ಕುಡಿಸಲು ಹೋದೆ. ಆಗಷ್ಟೇ ಕುಡಿದಿದ್ದ ಕುದುರೆ ನನ್ನ ಮುಖ ನೋಡಿತು.

ಮುಂದಿನ ಬೇಸಿಗೆಯಂತೆ. ರೀಲು ಕಡಿದಾಗ ಕತೆ ಕಟ್ಟುವ ನಿನ್ನ ಚಾಳಿ ನನ್ನ ಹತ್ತಿರ ನಡೆಯುವುದಿಲ್ಲ.

ಡಾಕ್ಟರಿಗೆ ಬರೆದದ್ದಕ್ಕೆ ಕ್ಷಮೆ ಕೇಳುವುದಿಲ್ಲ. ಎರಡನೆಯ ಚೀಲದಲ್ಲೂ ಔಷಧಿಯೇ ಇತ್ತು ಎಂದು ಓದಿ ಬಹಳ ಹೊತ್ತು ಹೊರಗೆ ನಿಂತಿದ್ದೆ. ನಾನು ಹೊಗಳಿದ್ದರಿಂದ ನಿನಗೆ ಹೀಗಾಯಿತು ಎಂದುಕೊಂಡಿದ್ದೆ. ಹಾಗಲ್ಲವಂತೆ. ಅದರಿಂದ ಸಮಾಧಾನವಾಗಬೇಕಿತ್ತು. ಆಗಲಿಲ್ಲ.

ನಿನ್ನ ಬೆಲ್ಟಿನ ಬಗ್ಗೆ ನನಗೆ ಆಸಕ್ತಿ ಇಲ್ಲ. ನೀನು ದಪ್ಪಗಿದ್ದಾಗಲೂ ನೋಡಲು ಚೆನ್ನಾಗಿರಲಿಲ್ಲ. ಬೈಬಿತ್ ಮುಂದಿನ ವಾರ ಪೇಟೆಗೆ ಬರುತ್ತಾನೆ. ಮುಂದಿನ ಸೀಟಿಗೆ ಕುಲ್ಯಾಷ್ ತಟ್ಟಿದ ಹೊಸ ಜಮಖಾನ ಹಾಸಿ ಕಳಿಸುತ್ತೇನೆ. ಅದರ ಮೇಲೆ ನೀನು ಕೂರದಿದ್ದರೆ ಅದು ಖಾಲಿಯೇ ಬರುತ್ತದೆ. ಮತ್ತೆ ಅದರ ಮುಂದಿನ ವಾರ ಕಳಿಸುತ್ತೇನೆ. ಮಗಳನ್ನೂ ಕರೆದುಕೊಂಡು ಬಾ, ಮಾತ್ರೆಯ ಡಬ್ಬಿಯನ್ನೂ.

ಇಲ್ಲಿ ರಾತ್ರಿ ಬಕೆಟ್ಟಿನ ನೀರಿನ ಮೇಲೆ ತೆಳ್ಳಗೆ ಮಂಜುಗಡ್ಡೆ ಕಟ್ಟುತ್ತಿದೆ. ಸೆಪ್ಟೆಂಬರ್ ಮೊದಲಿಗೆ ಎಲ್ಲರೂ ಕೆಳಗೆ ಇಳಿಯುತ್ತಾರೆ. ಪಕ್ಕದವರು ಆಗಲೇ ಗುಡಾರದ ಕಂಬಳಿ ಬಿಚ್ಚಿದ್ದಾರೆ. ಮಕ್ಕಳು ಕುರಿ ಹೊಡೆದುಕೊಂಡು ಹೊರಡುತ್ತಾರೆ. ನನಗೆ ಮೊಣಕಾಲು ನೋವು, ಹಾಗಾಗಿ ಈ ವರ್ಷ ಇಳಿಯುವುದು ಸ್ವಲ್ಪ ತಡ. ಹಿರಿಮಗ, "ಹಿಮ ಬಿದ್ರೆ ದಾರಿ ಮುಚ್ಚುತ್ತೆ ಅಪ್ಪ, ಹುಚ್ಚಾ ನಿಂಗೆ?" ಎಂದು ಬೈದ. ಅವನಮ್ಮನೂ ನನ್ನ ಜೊತೆ ಉಳಿಯುತ್ತಾಳೆಂದು ತಿಳಿದು ಇಬ್ಬರನ್ನೂ ಸೇರಿಸಿ ಬೈದ.

ಬೆಳಿಗ್ಗೆ ಮಕ್ಕಳು ಎಲ್ಲ ಗುಡಾರಗಳ ಹಗ್ಗ ಬಿಚ್ಚಲು ಶುರು ಮಾಡಿದರು. ಒಂದನ್ನು ಮಾತ್ರ ಮುಟ್ಟಬೇಡಿ ಎಂದಿದ್ದೇನೆ.

ಒರಾಜ್